ಸೋದರಮಾವನ 1968ರ ರೋಡ್ ರನ್ನರ್ ಮತ್ತೆ ರಸ್ತೆಗಿಳಿದ ಬಗೆ

ಹಳೆಯ ಕಾರೊಂದಕ್ಕೆ ಮರುಜೀವ ಕೊಡಲು ಹೊರಟವರು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ಕೆಲಸ ಮುಗಿದ ಮೇಲೆ ಅದನ್ನು ಓಡಿಸುವವರು ಯಾರು ಎಂಬುದು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಾದರೆ ಬೋಲ್ಟಿನ ತಲೆಯ ಮೇಲಿನ ಗುರುತು ಕೂಡ ಕಾರ್ಖಾನೆಯಿಂದ ಬಂದಾಗ ಇದ್ದಂತೆಯೇ ಇರಬೇಕಾಗುತ್ತದೆ. ಮಾರುವ ಉದ್ದೇಶವಿದ್ದರೆ ಕೊಳ್ಳುವವರ ಕಣ್ಣಿಗೆ ಬೀಳುವ ಜಾಗಗಳಿಗೆ ಮೊದಲು ಹಣ ಹಾಕಬೇಕಾಗುತ್ತದೆ. ನನ್ನದು ಇವೆರಡೂ ಆಗಿರಲಿಲ್ಲ. ಎಪ್ಪತ್ತೈದು ದಾಟಿರುವ, ಎಡಮಂಡಿಗೆ ಶಸ್ತ್ರಚಿಕಿತ್ಸೆ ಆಗಿರುವ ನನ್ನ ಸೋದರಮಾವ ತಮ್ಮ ಪ್ರಾಯದ ದಿನಗಳ ಕಾರನ್ನು ತಾವೇ ಓಡಿಸಿಕೊಂಡು ಹೋಗಿ ತರಕಾರಿ ತರುವಂತಾಗಬೇಕಿತ್ತು. “ನೋಡೋ, ಗಾಡಿ ನನ್ನ ಕೈಗೆ ಬರಬೇಕು, ಮ್ಯೂಸಿಯಮ್ಮಿಗಲ್ಲ” ಎಂದು ಅವರು ಆರಂಭದಲ್ಲೇ ಹೇಳಿಬಿಟ್ಟಿದ್ದರಿಂದ, ಮುಂದೆ ಎದುರಾದ ಪ್ರತಿಯೊಂದು ಆಯ್ಕೆಯನ್ನೂ ಆ ಮಾತಿಗೇ ಒರೆಹಚ್ಚಿ ನೋಡಿದೆ.

ಕಾರು 1968ರ ಪ್ಲಿಮತ್ ರೋಡ್ ರನ್ನರ್. ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿ ಯುವಕರ ಜೇಬಿಗೆ ಎಟಕುವ ಬೆಲೆಗೆ ಮಾರುವ ‘ಮಸಲ್ ಕಾರ್’ ಪರಿಪಾಠಕ್ಕೆ ಅಮೆರಿಕದಲ್ಲಿ ನಾಂದಿ ಹಾಡಿದ್ದು 1964ರ ಪಾಂಟಿಯಾಕ್ ಜಿಟಿಒ ಎಂಬುದು ಸಾಮಾನ್ಯ ಅಭಿಪ್ರಾಯ. ಕೆಲವೇ ವರ್ಷಗಳಲ್ಲಿ ಅಂಥ ಕಾರುಗಳು ಅಲಂಕಾರ ಹೇರಿಕೊಂಡು ದುಬಾರಿಯಾದಾಗ, ಕ್ರೈಸ್ಲರ್ ಕಂಪನಿಯ ಪ್ಲಿಮತ್ ವಿಭಾಗವು ಒನಪು ಒಯ್ಯಾರವನ್ನೆಲ್ಲ ಕಿತ್ತುಹಾಕಿ, 383 ಘನ ಅಂಗುಲದ, ಅಂದರೆ ಸುಮಾರು 6.3 ಲೀಟರಿನ, 335 ಅಶ್ವಶಕ್ತಿಯ ವಿ8 ಎಂಜಿನ್ನನ್ನೂ ನಾಲ್ಕು ಗೇರುಗಳನ್ನೂ ಕೊಟ್ಟು 2,896 ಡಾಲರಿಗೆ ಈ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಮುಂದೆ ಒಂದೇ ಉದ್ದನೆಯ ಸೀಟು, ನೆಲಕ್ಕೆ ರಬ್ಬರ್ ಹಾಸು, ಅಷ್ಟೆ. ಉಳಿಸಿದ ದುಡ್ಡಿನಲ್ಲಿ ಮಾಡಿದ ಒಂದೇ ಷೋಕಿಯೆಂದರೆ ವಾರ್ನರ್ ಬ್ರದರ್ಸ್ ಕಂಪನಿಗೆ 50,000 ಡಾಲರ್ ತೆತ್ತು ಅದರ ಕಾರ್ಟೂನ್ ಹಕ್ಕಿಯ ಹೆಸರನ್ನೂ ಚಿತ್ರವನ್ನೂ ಪಡೆದು, ಹಾರ್ನನ್ನು ಆ ಹಕ್ಕಿಯ ‘ಬೀಪ್ ಬೀಪ್’ ಕೂಗಿಗೆ ಹೊಂದಿಸಿದ್ದು. ಮೊದಲ ವರ್ಷವೇ ಸುಮಾರು 45 ಸಾವಿರ ಕಾರುಗಳು ಮಾರಾಟವಾದವು.

ಮಾವ 1971ರಲ್ಲಿ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಬಂದವರು. 1973ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆದು ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದಾಗ ಎಲ್ಲರಿಗೂ ಸಣ್ಣ ಕಾರು ಬೇಕಾಯಿತು. ಸಹೋದ್ಯೋಗಿಯೊಬ್ಬರು ಬೇಡವೆಂದು ಬಿಟ್ಟ ರೋಡ್ ರನ್ನರನ್ನು ಮಾವ ಅಗ್ಗಕ್ಕೆ ಕೊಂಡದ್ದು ಆಗ. ಮಕ್ಕಳಾದ ಮೇಲೆ ಅದು ಗ್ಯಾರೇಜು ಸೇರಿತು. ನಾನು ಮಿಷಿಗನ್ನಿಗೆ ಕೆಲಸಕ್ಕೆ ಬಂದಾಗ ಅದರ ಮೇಲೆ ಅಟ್ಟದಷ್ಟು ಸಾಮಾನು ಪೇರಿಸಿತ್ತು.

ಕೆಲಸ ಶುರುವಾದದ್ದು ಕಾಗದಪತ್ರದಿಂದ. ಡ್ಯಾಶ್‌ಬೋರ್ಡಿನ ಮೇಲಿನ ಗುರುತಿನ ಸಂಖ್ಯೆ ಆರ್‌ಎಂ21ಎಚ್8ಎ ಎಂದು ಆರಂಭವಾಗುತ್ತದೆ. ಇದರಲ್ಲಿ 21 ಎಂದರೆ ಬಾಗಿಲ ಹಿಂದೆ ಕಂಬವಿರುವ ಎರಡು ಬಾಗಿಲಿನ ಕೂಪೆ, ಎಚ್ ಎಂದರೆ 383 ಎಂಜಿನ್, 8 ಎಂದರೆ 1968, ಎ ಎಂದರೆ ಡೆಟ್ರಾಯಿಟ್‌ನ ಲಿಂಚ್ ರೋಡ್ ಕಾರ್ಖಾನೆ. ಬಾನೆಟ್ಟಿನೊಳಗೆ ಎಡ ಮಡ್‌ಗಾರ್ಡಿಗೆ ಸ್ಕ್ರೂ ಹಾಕಿದ ತಗಡಿನ ಚೀಟಿಯಲ್ಲಿ ಬಣ್ಣ, ಸೀಟು, ಗೇರ್‌ಬಾಕ್ಸ್ ಎಲ್ಲವೂ ಸಂಕೇತಗಳಲ್ಲಿ ಅಚ್ಚಾಗಿರುತ್ತವೆ. ಇವೆರಡನ್ನೂ ಓದಿಕೊಂಡರೆ ಯಾವ ಭಾಗ ತರಿಸಬೇಕೆಂಬ ಗೊಂದಲ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ನಿಜವಾದ ಕೆಲಸ ತುಕ್ಕಿನದು. ಮಿಷಿಗನ್ನಿನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಚಕ್ರದ ಕಮಾನಿನ ಒಳಮಡಿಕೆಗೂ ಡಿಕ್ಕಿಯ ಮೂಲೆಗೂ ಸೇರಿ ಕೂತರೆ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಚೆನ್ನಾಗಿರುವುದನ್ನು ನೋಡಿ ಮಾರುಹೋಗಬಾರದು. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಮೇಲೆ ಅಂಗುಲ ಅಂಗುಲವಾಗಿ ಓಡಿಸಿದೆ. ಹಿಂದಿನ ಚಕ್ರಗಳ ಸುತ್ತ ಅದು ಹಿಡಿತ ಬಿಟ್ಟು ಜಾರಿತು, ಅಂದರೆ ಅಲ್ಲಿದ್ದದ್ದು ಹಿಂದೆ ಯಾರೋ ಮೆತ್ತಿದ ದಪ್ಪ ಪುಟ್ಟಿ. ರಬ್ಬರ್ ಹಾಸು ಎತ್ತಿದಾಗ ಚಾಲಕನ ಕಾಲ ಕೆಳಗಿನ ನೆಲದಲ್ಲಿ ಗ್ಯಾರೇಜಿನ ಕಾಂಕ್ರೀಟು ಕಾಣುತ್ತಿತ್ತು. ಕಾರ್ಪೆಟ್ಟಾದರೆ ಎಂದಾದರೂ ಒಣಗುತ್ತದೆ, ರಬ್ಬರಿನಡಿ ಸಿಕ್ಕ ನೀರು ಅಲ್ಲೇ ಇರುತ್ತದೆ.

ಈ ಕಾರಿಗೆ ಪ್ರತ್ಯೇಕ ಚಾಸಿಯಿಲ್ಲ. ನೆಲ, ಬದಿ, ಚಾವಣಿ ಎಲ್ಲ ಸೇರಿಯೇ ಬಲ. ಹಾಗಾಗಿ ನೆಲವನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ಬೆಸೆದು, ಬಾಗಿಲ ಸಂದನ್ನು ಅಳೆದು ಬರೆದಿಟ್ಟುಕೊಂಡೆ. ನನಗೆ ಹೆಚ್ಚು ಭಯವಿದ್ದದ್ದು ಮುಂದಿನ ಸೀಟಿನಡಿ ಹಾಯುವ ಅಡ್ಡತೊಲೆಯ ಬಗ್ಗೆ. ಕ್ರೈಸ್ಲರ್ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸರಳುಗಳಿದ್ದು, ಅವುಗಳ ಹಿಂದಿನ ತುದಿ ಈ ತೊಲೆಯಲ್ಲಿ ಕೂತಿರುತ್ತದೆ. ಅದು ತುಕ್ಕು ಹಿಡಿದಿದ್ದರೆ ಕಾರಿನ ಮುಂಭಾಗದ ಭಾರ ಹೊರುವವರೇ ಇಲ್ಲ. ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ, ಗಟ್ಟಿ ನಾದ ಬಂದ ಮೇಲೆಯೇ ಮುಂದುವರಿದೆ. ಸರಳುಗಳನ್ನು ಬಿಚ್ಚುವಾಗ ಪೈಪ್ ರೆಂಚಿನಲ್ಲಿ ಹಿಡಿಯಕೂಡದು, ಏಕೆಂದರೆ ಮೈಮೇಲಿನ ಒಂದು ಗೀರಿನಿಂದಲೇ ಅವು ಮುಂದೊಂದು ದಿನ ಮುರಿಯುತ್ತವೆ; ಎಡದ್ದನ್ನು ಬಲಕ್ಕೆ ಹಾಕಲೂ ಕೂಡದು.

ತೇಪೆಗಳಿಗೆ ಮಿಗ್ ವೆಲ್ಡಿಂಗ್, ಅಂದರೆ ತಾನಾಗಿ ಮುಂದೆ ಬರುವ ತಂತಿಯನ್ನು ವಿದ್ಯುತ್ತಿನಿಂದ ಕರಗಿಸಿ ಬೆಸೆಯುವ ವಿಧಾನ, ಬಳಸಿದೆ. ಹುಡುಗನಾಗಿದ್ದಾಗ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್ ಮಾಡುವವರ ಪಕ್ಕ ಕೂತು ನೋಡಿದ್ದು ಗ್ಯಾಸ್ ವೆಲ್ಡಿಂಗನ್ನು. ಅದರ ಶಾಖ ಹರಡಿ ಚಪ್ಪಟೆ ತಗಡು ಹಪ್ಪಳದಂತೆ ಉಬ್ಬುತ್ತದೆ. ಮಿಗ್‌ನಲ್ಲಿ ತೆಳು ತಂತಿ ಹಾಕಿ, ಒಂದು ಕಡೆ ಒಂದು ಚುಕ್ಕೆ ಇಟ್ಟು, ಒಂದಡಿ ದೂರ ಹೋಗಿ ಇನ್ನೊಂದು ಚುಕ್ಕೆ ಇಟ್ಟು, ಮೊದಲನೆಯದು ಕೈ ಮುಟ್ಟುವಷ್ಟು ತಣ್ಣಗಾದ ಮೇಲೆ ಮರಳಿ ಬಂದು, ಹೀಗೆ ಚುಕ್ಕೆಗಳನ್ನು ಕೂಡಿಸುತ್ತ ಗೆರೆಯಾಗಿಸಬೇಕು. ಬೇಸರ ಹಿಡಿಸುವ ಕೆಲಸ, ಆದರೆ ಅವಸರ ಮಾಡಿದವರ ಕೆಲಸ ಬಣ್ಣ ಹೊಡೆದ ಮೇಲೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ.

ಎಂಜಿನ್ ಜಡ್ಡುಗಟ್ಟಿತ್ತು. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಸಿಲಿಂಡರುಗಳಿಗೆ ಗೇರ್ ಎಣ್ಣೆ, ಅಸಿಟೋನ್ ಮಿಶ್ರಣ ಸುರಿದು ಸಾಕಷ್ಟು ನೆನೆಯಲು ಬಿಟ್ಟು, ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಹಿಡಿಕೆ ಹಾಕಿ ಹಿಂದಕ್ಕೂ ಮುಂದಕ್ಕೂ ಕೊಂಚ ಕೊಂಚವೇ ಅಲುಗಾಡಿಸಿದಾಗ ಸಡಿಲಾಯಿತು. ಬಿಚ್ಚಿ ಅಳೆದರೆ ಸಿಲಿಂಡರುಗಳು ಮೇಲ್ಭಾಗದಲ್ಲಿ ಸವೆದಿದ್ದವು. ಇಂಥ ಲೇತ್ ಕೆಲಸ ಮನೆಯಲ್ಲಾಗುವುದಲ್ಲ. ವರ್ಕ್‌ಶಾಪಿಗೆ ಕೊಟ್ಟು ಸಿಲಿಂಡರಿನ ವ್ಯಾಸ 0.030 ಅಂಗುಲ ಹಿಗ್ಗುವಂತೆ ಒಳಗೋಡೆ ಕೊರೆಸಿ (ಬೋರಿಂಗ್), ಅದಕ್ಕೆ ತಕ್ಕ ಪಿಸ್ಟನ್, ರಿಂಗ್ ಹಾಕಿದೆ. ಸೀಸ ಬೆರೆತ ಪೆಟ್ರೋಲಿನ ಕಾಲದ ಎಂಜಿನ್ ಇದು. ಸೀಸವು ಎಕ್ಸಾಸ್ಟ್ ವಾಲ್ವುಗಳ ಪೀಠ ಸವೆಯದಂತೆ ಕಾಯುತ್ತಿತ್ತು. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರಾಟ 1996ರಲ್ಲಿ ಪೂರ್ತಿ ನಿಂತಿತು. ನಿಧಾನವಾಗಿ ಓಡಿಸುವವರಿಗೆ ಗಟ್ಟಿ ಉಕ್ಕಿನ ಪೀಠ ಬೇಕಿಲ್ಲವೆಂದು ವಾದಿಸುವವರಿದ್ದಾರೆ. ಹೆಡ್ಡುಗಳು ಹೇಗೂ ವರ್ಕ್‌ಶಾಪಿನಲ್ಲಿದ್ದುದರಿಂದ ನಾನು ಹಾಕಿಸಿಬಿಟ್ಟೆ. ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಹಾಳುಗೆಡವುವುದರಿಂದ ಇಂಧನದ ಕೊಳವೆಗಳನ್ನೂ ಕಾರ್ಬುರೇಟರಿನ ಒಳಗಿನ ರಬ್ಬರ್ ಭಾಗಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಿದ್ದು ಮಾತ್ರ ಐಚ್ಛಿಕವಲ್ಲ.

ಹೊಸದಾಗಿ ಜೋಡಿಸಿದ ಎಂಜಿನ್ನನ್ನು ಒಣಗಿದ ಬೇರಿಂಗುಗಳೊಂದಿಗೆ ಚಾಲೂ ಮಾಡಬಾರದು. 383ರಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ ಅದರಡಿಯ ಗೇರಿನ ದಂಡವನ್ನೂ ಎತ್ತಿ ತೆಗೆದು, ಆ ರಂಧ್ರದಲ್ಲಿ 5/16 ಅಂಗುಲದ ಷಡ್ಭುಜ ಸರಳು ಇಳಿಸಿ, ಡ್ರಿಲ್ ಯಂತ್ರದಿಂದ ಆಯಿಲ್ ಪಂಪನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಮೊದಲು ಡ್ರಿಲ್ ಸರಾಗವಾಗಿ ಓಡುತ್ತದೆ. ಎಣ್ಣೆ ಏರಿದೊಡನೆ ಅದು ಮಣಿಕಟ್ಟನ್ನೇ ತಿರುಚುವಷ್ಟು ಭಾರವಾಗುತ್ತದೆ, ಮೇಲೆ ವಾಲ್ವುಗಳನ್ನು ಒತ್ತುವ ರಾಕರ್‌ಗಳ ಮೇಲೆ ಎಣ್ಣೆ ಜಿನುಗತೊಡಗುತ್ತದೆ. ಆ ಮೇಲೆ ದಂಡವನ್ನೂ ಡಿಸ್ಟ್ರಿಬ್ಯೂಟರನ್ನೂ ಮತ್ತೆ ಕೂರಿಸಿ ಕೀಲಿ ತಿರುಗಿಸಿದರೆ ಸಾಕು. ವಾಲ್ವುಗಳನ್ನು ತೆರೆಯಿಸುವ ಉಬ್ಬುಗಳ ದಂಡವನ್ನು, ಅಂದರೆ ಕ್ಯಾಮ್‌ಶಾಫ್ಟನ್ನು, ಹೊಸದಾಗಿ ಹಾಕಿದ್ದರಿಂದ, ಸತುವಿನ ಅಂಶ ಹೆಚ್ಚಿರುವ ಎಣ್ಣೆ ತುಂಬಿ, ಮೊದಲ 20 ನಿಮಿಷ ಎಂಜಿನ್ನನ್ನು ಐಡಲ್‌ಗೆ ಇಳಿಸದೆ ನಿಮಿಷಕ್ಕೆ 2,000ದಿಂದ 2,500 ಸುತ್ತುಗಳ ನಡುವೆ ಓಡಿಸಿದೆ. ಇಲ್ಲದಿದ್ದರೆ ಅದರ ಮೇಲೆ ಕೂತ ಟ್ಯಾಪೆಟ್‌ಗಳು ಕ್ಯಾಮನ್ನು ಕೆರೆದು ಹಾಕುತ್ತವೆ.

ಮಾವನ ಮಂಡಿಯ ಪ್ರಶ್ನೆ ಬಂದದ್ದು ಕ್ಲಚ್ಚಿನಲ್ಲಿ. ನಮ್ಮತ್ತೆ, “ಆಟೊಮ್ಯಾಟಿಕ್ ಹಾಕಿಸಿಬಿಡಪ್ಪ, ಇವರ ಕಾಲಿಗೆ ಇನ್ನೊಂದು ಆಪರೇಷನ್ ಬೇಡ” ಎಂದರು. ಕ್ರೈಸ್ಲರಿನ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಈ ಎಂಜಿನ್ನಿಗೆ ಹೊಂದುತ್ತದಾದ್ದರಿಂದ ಅದು ತಳ್ಳಿಹಾಕುವ ಸಲಹೆಯೇನಲ್ಲ. ಮಾವ ಮಾತಾಡಲಿಲ್ಲ, ಗೇರ್ ಹಿಡಿಕೆಯ ಗುಂಡನ್ನು ಒರೆಸುತ್ತ ನಿಂತರು. ಪರಿಹಾರ ಸಿಕ್ಕಿದ್ದು ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನಲ್ಲಿ. ಮೂಲದಲ್ಲಿದ್ದದ್ದು ಮೂರು ಸನ್ನೆಗಳ, ಬಿಗಿ ಸ್ಪ್ರಿಂಗುಗಳ ಬಗೆ; ಅದರ ಭಾರ ತಗ್ಗಿಸಲೆಂದೇ ಪೆಡಲಿಗೆ ಮೇಲೊಂದು ಸಹಾಯಕ ಸ್ಪ್ರಿಂಗ್ ಇದೆ. ಮೂಲದ ಪ್ಲೇಟಿನ ಬದಲು ಡಯಾಫ್ರಂ ಬಗೆಯ, ಅಂದರೆ ತಟ್ಟೆಯಂಥ ಒಂದೇ ಸ್ಪ್ರಿಂಗಿನ, ಪ್ಲೇಟ್ ಹಾಕಿದರೆ ಪೆಡಲ್ ಹಗುರವಾಗುತ್ತದೆ. ಆದರೆ ಆಗ ಆ ಸಹಾಯಕ ಸ್ಪ್ರಿಂಗನ್ನು ಕಳಚಲೇಬೇಕು, ಇಲ್ಲವಾದರೆ ಒತ್ತಿದ ಪೆಡಲ್ ಮೇಲೇಳದೆ ನೆಲಕ್ಕೇ ಅಂಟಿಕೊಳ್ಳುತ್ತದೆ. ನಿಂತ ಕಾರಿನಲ್ಲಿ ಕೂತು ಪೆಡಲನ್ನು ಹಲವು ಸಲ ಒತ್ತಿ ನೋಡಿದ ಮಾವ ನಾಲ್ಕು ಗೇರುಗಳೇ ಇರಲಿ ಎಂದರು. ಅತ್ತೆ ಇಂದಿಗೂ ಒಪ್ಪಿಲ್ಲ.

ಬ್ರೇಕಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳಲಿಲ್ಲ. 11 ಅಂಗುಲದ ಡ್ರಮ್ಮುಗಳು ಒಮ್ಮೆಗೆ ಚೆನ್ನಾಗಿಯೇ ಹಿಡಿಯುತ್ತವೆ, ಬಿಸಿಯಾದರೆ ಕೈಕೊಡುತ್ತವೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿ, ಅದಕ್ಕೊಪ್ಪುವ ಮಾಸ್ಟರ್ ಸಿಲಿಂಡರನ್ನೂ ಹಿಂದಿನ ಚಕ್ರಗಳ ಒತ್ತಡ ತಗ್ಗಿಸುವ ವಾಲ್ವನ್ನೂ ಜೋಡಿಸಿದೆ. ಹಳೆಯ ಡ್ರಮ್ಮುಗಳು ಡಬ್ಬಿಯಲ್ಲಿವೆ. ಮೂಲರೂಪ ಬೇಕೆನ್ನುವ ಮುಂದಿನ ಪೀಳಿಗೆಯವರು ಬೇಕಾದರೆ ಹಾಕಿಕೊಳ್ಳಲಿ.

ಚಕ್ರ ಬಿಚ್ಚುವಾಗ ಕಂಡ ವಿಚಿತ್ರವೊಂದನ್ನು ಹೇಳಲೇಬೇಕು. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಉಲ್ಟಾ ಥ್ರೆಡ್. ಸಡಿಲಿಸಲು ಬಲಕ್ಕೆ ತಿರುಗಿಸಬೇಕು. ನಟ್ಟು ಕೂರುವ ಬೋಲ್ಟಿನ, ಅಂದರೆ ಸ್ಟಡ್ಡಿನ, ತುದಿಯಲ್ಲಿ ‘ಎಲ್’ ಎಂಬ ಅಕ್ಷರವೂ ಇರುತ್ತದೆ, ಕೊಳೆ ಒರೆಸಿದರೆ. ಈ ಕಾರಿನ ಹಿಂದಿನ ಎಡಚಕ್ರದಲ್ಲಿ ಮಾತ್ರ ಮೂರು ಉಲ್ಟಾ, ಎರಡು ಸೀದಾ ಸ್ಟಡ್ಡುಗಳಿದ್ದವು: ಹಿಂದೆಂದೋ ಯಾವುದೋ ಟೈರ್ ಅಂಗಡಿಯವರು ಎಡಕ್ಕೆ ತಿರುಚಿ ಎರಡನ್ನು ಮುರಿದು, ಸಿಕ್ಕಿದ್ದನ್ನು ಹಾಕಿ ಕಳಿಸಿದ್ದಾರೆ. ಇಂದಿನ ಹುಡುಗರು ಏರ್ ಗನ್ ಹಿಡಿದರೆ ಐದೂ ಮುರಿಯುತ್ತವೆ. ದಾರಿಯಲ್ಲಿ ಪಂಕ್ಚರ್ ಆದರೆ ಮಾವ ಪರದಾಡಬಾರದೆಂದು ನಾಲ್ಕೂ ಚಕ್ರಗಳಿಗೆ ಸೀದಾ ಥ್ರೆಡ್ಡಿನ ಸ್ಟಡ್ಡುಗಳನ್ನೇ ಹಾಕಿದೆ.

ಹೀಗೆಯೇ ಇನ್ನೊಂದು ಗುಟ್ಟಿನ ಅಪಾಯ ಡ್ಯಾಶ್‌ಬೋರ್ಡಿನಲ್ಲಿ ಕರೆಂಟ್ ಅಳೆಯುವ ಆಮ್ಮೀಟರ್. ಬ್ಯಾಟರಿ ಚಾರ್ಜಿಂಗ್ ಕರೆಂಟೆಲ್ಲವೂ ಎಂಜಿನ್ ಕೋಣೆಯ ಗೋಡೆಯಲ್ಲಿರುವ ಪ್ಲಾಸ್ಟಿಕ್ ಕನೆಕ್ಟರಿನ ಮೂಲಕ ಒಳಗೆ ಬಂದು, ಆ ಮೀಟರನ್ನು ಹಾದು ಹೊರಗೆ ಹೋಗುತ್ತದೆ. ಅರ್ಧ ಶತಮಾನದ ತುಕ್ಕಿನಿಂದ ಕನೆಕ್ಟರ್ ಬಿಸಿಯೇರಿದರೆ ಬೆಂಕಿ. ಇದರಲ್ಲಿ ಆಗಲೇ ಪ್ಲಾಸ್ಟಿಕ್ ಕಂದಾಗಿ ಕರಗತೊಡಗಿತ್ತು. ಆಲ್ಟರ್ನೇಟರಿನಿಂದ ಬ್ಯಾಟರಿಯ ಕಡೆಗೆ ಫ್ಯೂಸ್ ಲಿಂಕ್ ಸಮೇತ ದಪ್ಪ ತಂತಿಯನ್ನು ನೇರವಾಗಿ ಎಳೆದು, ಮೀಟರನ್ನು ಬರೀ ನೋಟಕ್ಕೆ ಉಳಿಸಿದೆ.

ಬಣ್ಣ ತಗಡಿನ ಚೀಟಿಯಲ್ಲಿದ್ದ ಕಡುಹಸಿರೇ. ಹೊರಮೈಗೆ ಪೂರ್ತಿ ಹೊಡೆಸಿದರೂ ಒಳಗೆ ಮುಟ್ಟಲಿಲ್ಲ. ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲೆ ಮಾವ ರಾಯರ ಚಿತ್ರ ಅಂಟಿಸಿದ್ದ ಕಡೆ ಬಣ್ಣ ಮಾಸದೆ ಉಳಿದ ಚೌಕವೊಂದಿದೆ. ಅದನ್ನು ಉಜ್ಜಿ ತೆಗೆಯುವ ಹಕ್ಕು ನನಗಿದೆಯೆಂದು ನನಗನ್ನಿಸಲಿಲ್ಲ. ಹಾರ್ನನ್ನು ಬಿಚ್ಚಿ ಒಳಗಿನ ಪಾಯಿಂಟುಗಳನ್ನು ಉಜ್ಜಿದಾಗ ಅದೇ ಬೀಪ್ ಬೀಪ್ ಸದ್ದು ಮರಳಿತು.

ನೋಂದಣಿಯಲ್ಲೂ ಮಾವನ ಮೊದಲ ಮಾತೇ ನಿರ್ಣಾಯಕವಾಯಿತು. ಮಿಷಿಗನ್ನಿನಲ್ಲಿ ಹಳೆಯ ಕಾರಿಗೆ ಅಗ್ಗದ ‘ಐತಿಹಾಸಿಕ ವಾಹನ’ ಫಲಕ ಸಿಗುತ್ತದೆ. ಆದರೆ ಅದರಲ್ಲಿ ಮೆರವಣಿಗೆ, ಪ್ರದರ್ಶನ, ಕ್ಲಬ್ಬಿನ ಕಾರ್ಯಕ್ರಮಗಳಂಥ ಕಡೆಗೆ ಮಾತ್ರ ಹೋಗಬಹುದು, ಇಷ್ಟಬಂದಂತೆ ಓಡಿಸಲು ಆಗಸ್ಟ್ ತಿಂಗಳೊಂದರಲ್ಲಿ ಅವಕಾಶ. ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ನಡೆಯುತ್ತಿರುವ ಹಳೆಯ ಕಾರುಗಳ ಜಾತ್ರೆ ಬರುವುದೂ ಆಗಸ್ಟಿನಲ್ಲೇ, ಆದ್ದರಿಂದ ಹೆಚ್ಚಿನವರಿಗೆ ಅದು ಸಾಕು. “ಮಿಕ್ಕ ತಿಂಗಳು ಸೊಪ್ಪು ತರಲು ಬಸ್ಸಿನಲ್ಲಿ ಹೋಗಲೇನೋ?” ಎಂದು ಮಾವ ಮಾಮೂಲಿ ಫಲಕವನ್ನೇ, ಅದರ ಪೂರ್ತಿ ಶುಲ್ಕ ಕಟ್ಟಿ, ಮಾಡಿಸಿಕೊಂಡರು. ಉಪ್ಪು ಸುರಿಯುವ ತಿಂಗಳುಗಳಲ್ಲಿ ಕಾರು ಹೊರಗೆ ಬರಕೂಡದೆಂಬ ನನ್ನ ಒಂದೇ ಷರತ್ತಿಗೆ ಅವರು ಒಪ್ಪಿದ್ದಾರೆ. ಹಿಂಬದಿಯ ಮಡಚುವ ಕಿಟಕಿಗಳ ರಬ್ಬರ್ ಅಂಚಿನಿಂದ ಜೋರು ಮಳೆಗೆ ಇನ್ನೂ ನೀರು ಜಿನುಗುತ್ತದೆ. ಈ ಚಳಿಗಾಲದಲ್ಲಿ ಕಾರು ಒಳಗೆ ನಿಂತಿರುವಾಗ ಆ ಗಾಜುಗಳನ್ನು ಬಿಚ್ಚಿ, ರಬ್ಬರ್ ಬದಲಿಸಿ, ಕೀಲುಗಳನ್ನು ಹೊಸದಾಗಿ ಹೊಂದಿಸಬೇಕಿದೆ.