ಗದ್ದಲ ಎಬ್ಬಿಸುತ್ತಿದ್ದದ್ದು ಪ್ರೆಸ್ ಅಲ್ಲ, ಗಾಳಿ

ತಗಡಿನ ಬಿಡಿಭಾಗ ಹೊಡೆಯುವ ಪವರ್ ಪ್ರೆಸ್ ವಿಭಾಗದ ಮೆಂಟೆನೆನ್ಸ್ ನನ್ನದು. ಪಕ್ಕದಲ್ಲೇ ನಿಂತವರಿಗೂ ಕೂಗಿ ಹೇಳಬೇಕಾದ ಜಾಗ. ಮನೆಗೆ ಹೋಗಿ ಮಲಗಿದ ಮೇಲೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಏನಾದರೂ ಮಾಡಲೇಬೇಕು ಅಂತ ಹೊರಟು, ನಾನು ಮಾಡಿದ ಮೊದಲ ಕೆಲಸವೇ ದಂಡ. ಸುತ್ತಲಿನ ಗೋಡೆಗೆಲ್ಲ ಫೋಮ್ ಅಂಟಿಸಿದೆವು. ನೋಡಲು ಚೆನ್ನಾಗಿತ್ತು. ಆಪರೇಟರ್ ಕಿವಿಯ ಹತ್ತಿರ ಸದ್ದು ಅಳೆಯುವ ಮೀಟರ್ ಹಿಡಿದರೆ ಮುಂಚೆ 96 ಡೆಸಿಬಲ್ ಇತ್ತು, ಆಮೇಲೂ 96.

ಕಾರಣ ಸರಳ. ಗೋಡೆಗೆ ಬಡಿದು ವಾಪಸ್ ಬರುವ ಸದ್ದನ್ನು ಫೋಮ್ ಹೀರುತ್ತದೆ, ಅಷ್ಟೇ. ಆಪರೇಟರ್ ಮೆಷಿನ್ನಿಗೆ ಒಂದು ಮಾರು ದೂರದಲ್ಲಿ ನಿಂತಿರುತ್ತಾರೆ. ಅವರ ಕಿವಿಗೆ ಬೀಳುವುದು ಹೆಚ್ಚಾಗಿ ನೇರ ಸದ್ದು. ಅದಕ್ಕೆ ಗೋಡೆಯ ಹಂಗೇ ಇಲ್ಲ.

ಆಮೇಲೆ ಒಂದು ರಜೆಯ ದಿನ ಕೂತು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಮೀಟರನ್ನು 'ಎ' ವೇಟಿಂಗ್ (ನಮ್ಮ ಕಿವಿಗೆ ಕೇಳುವ ರೀತಿಗೆ ಹೊಂದಿಸಿದ ಅಳತೆ), 'ಸ್ಲೋ'ನಲ್ಲಿ (ಮುಳ್ಳು ನಿಧಾನವಾಗಿ ಆಡುವ ಹಾಗೆ) ಇಟ್ಟು, ಒಂದೇ ಜಾಗದಲ್ಲಿ ಸ್ಟ್ಯಾಂಡಿಗೆ ಕಟ್ಟಿ, ಒಂದೊಂದನ್ನೇ ನಿಲ್ಲಿಸುತ್ತಾ ಬರೆದುಕೊಂಡೆವು. ಫ್ಯಾನ್ ನಿಲ್ಲಿಸಿದರೂ 96. ಪಕ್ಕದ ಪ್ರೆಸ್ ನಿಲ್ಲಿಸಿದರೂ ಹೆಚ್ಚುಕಡಿಮೆ ಅಷ್ಟೇ. ಪೀಸನ್ನು ಡೈಯಿಂದ (ತಗಡಿಗೆ ಆಕಾರ ಕೊಡುವ ಅಚ್ಚಿನಿಂದ) ಊದಿ ಹೊರಹಾಕುವ ಗಾಳಿಯ ಪೈಪ್ ಮುಚ್ಚಿದ ಕೂಡಲೇ 91ಕ್ಕೆ ಇಳಿಯಿತು! ಧಡ್ ಧಡ್ ಅನ್ನುವ ಪ್ರೆಸ್ಸನ್ನೇ ನಾವು ಇಷ್ಟು ದಿನ ಬೈದುಕೊಂಡಿದ್ದೆವು.

ಡೆಸಿಬಲ್ ಲೆಕ್ಕ ಮಾಮೂಲಿ ಕೂಡುವ ಲೆಕ್ಕ ಅಲ್ಲ. 90ಕ್ಕೆ 90 ಸೇರಿದರೆ 93. ಅಂದರೆ ಎರಡು ಸಮನಾದ ಮೆಷಿನ್‌ಗಳಲ್ಲಿ ಒಂದನ್ನು ಪೂರ್ತಿ ನಿಲ್ಲಿಸಿದರೂ ಇಳಿಯುವುದು ಬರೀ 3. ಎಲ್ಲಕ್ಕಿಂತ ಜೋರಾದದ್ದನ್ನು ಮುಟ್ಟದೆ ಉಳಿದವನ್ನು ಎಷ್ಟು ಸರಿಮಾಡಿದರೂ ಮೀಟರ್ ಮುಳ್ಳು ಅಷ್ಟಾಗಿ ಅಲ್ಲಾಡುವುದಿಲ್ಲ.

ಆ ಪೈಪನ್ನು ಬಗ್ಗಿ ನೋಡಿದೆ. ತಾಮ್ರದ ಕೊಳವೆ. ಗಾಳಿ ಜೋರಾಗಿ ಬರಲಿ ಅಂತ ಯಾರೋ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದ್ದರು. ಒತ್ತಡ 6 ಬಾರ್. ಸ್ಟ್ರೋಕ್ (ಪ್ರೆಸ್ಸಿನ ಏಟು) ಇರಲಿ ಬಿಡಲಿ, ಗಾಳಿ ಸುಯ್ ಅಂತ ಊದುತ್ತಲೇ ಇತ್ತು, ಅದೂ ಡೈನ ಚೂಪು ಅಂಚಿಗೆ ಬಡಿದು ಸಿಳ್ಳೆ ಹೊಡೆಯುತ್ತಾ. ವೇಗವಾಗಿ ನುಗ್ಗುವ ಗಾಳಿ ಸುತ್ತಲಿನ ನಿಂತ ಗಾಳಿಯ ಜೊತೆ ಕದಡಿದಾಗಲೇ ಈ ಸದ್ದು ಹುಟ್ಟುವುದು. ವೇಗ ಸ್ವಲ್ಪ ಏರಿದರೂ ಸದ್ದು ವಿಪರೀತ ಏರುತ್ತದೆ, ಸುಮಾರು ವೇಗದ 8ನೇ ಘಾತದಷ್ಟು. ವೇಗ ತಗ್ಗಿಸಿದಾಗ ಸಿಗುವ ಲಾಭವೂ ಹಾಗೆಯೇ.

ನಾನು ಉತ್ಸಾಹದಲ್ಲಿ ನೇರ ಒತ್ತಡ ಹೊಂದಿಸುವ ರೆಗ್ಯುಲೇಟರ್ ತಿರುಗಿಸಿ 3 ಬಾರ್‌ಗೆ ಇಳಿಸಿದೆ. ಹತ್ತೇ ನಿಮಿಷಕ್ಕೆ ಆಪರೇಟರ್ ಬಂದರು. "ಸಾರ್, ಪೀಸ್ ಡೈಯಲ್ಲೇ ಕೂತ್ಕೊಳ್ತಿದೆ. ಇದನ್ನ ಕೈ ಹಾಕಿ ತೆಗೀಬೇಕಾ?" ಮಾತು ನಿಜ. ಸದ್ದು ಕಡಿಮೆ ಮಾಡಲು ಹೋಗಿ ಬೆರಳು ಕಳೆಯುವ ಕೆಲಸ ಅದು. ತಕ್ಷಣ ಒತ್ತಡ ಹಳೆಯದಕ್ಕೇ ತಂದೆ. ಆಮೇಲೆ ಸಣ್ಣ ಸಣ್ಣ ತೂತುಗಳಿರುವ ನಾಜಲ್ ಹಾಕಿ, ಅದನ್ನು ಪೀಸಿಗೆ ಹತ್ತಿರ ತಂದು, ಅಂಚಿಗೆ ಬಡಿಯದ ಹಾಗೆ ಓರೆ ಮಾಡಿದೆವು. ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಕೂರಿಸಿ, ಪೀಸ್ ಹೊರಬರುವ ಕ್ಷಣದಲ್ಲಿ ಮಾತ್ರ ಊದುವಂತೆ ಮಾಡಿದೆವು. ಇದೆಲ್ಲ ಆದ ಮೇಲೆ 3 ಬಾರ್ ಧಾರಾಳವಾಗಿ ಸಾಕಾಯಿತು. ಒಟ್ಟು ಸದ್ದು 92ಕ್ಕೆ ಬಂತು. ಕಂಪ್ರೆಸರ್ ಮೇಲಿನ ಹೊರೆಯೂ ಇಳಿಯಿತು, ಅದು ನಾನು ಕೇಳದೆಯೇ ಸಿಕ್ಕ ಲಾಭ.

ಉಳಿದದ್ದು ತಗಡಿನ ಕಥೆ. ಮೆಷಿನ್ ಗಾರ್ಡನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯ ಹಾಗೆ ಕೊಂಯ್ ಅಂದರೆ ಅದು ಇಡೀ ದಿನ ಹಾಗೇ ಮೊಳಗುತ್ತಿದೆ ಅಂತ ಅರ್ಥ. ನಮ್ಮ ಗಾರ್ಡಿಗೆ ಕಂಪನ ಹೀರುವ ಡ್ಯಾಂಪಿಂಗ್ ಹಾಳೆ ಅಂಟಿಸಿ, ಅದರ ಮೇಲೆ ಇನ್ನೊಂದು ತೆಳು ತಗಡು ಕೂರಿಸಿದೆವು. ಈಗ ತಟ್ಟಿದರೆ ದಪ್ ಅನ್ನುತ್ತದೆ. ಪೀಸ್ ಬೀಳುವ ಬಿನ್ನನ್ನು ಎತ್ತರಿಸಿ, ಬೀಳುವ ದೂರ ಕಡಿಮೆ ಮಾಡಿ, ಒಳಗೆ ರಬ್ಬರ್ ಹಾಸಿದೆವು. 89 ಆಯಿತು.

ಕಂಪ್ರೆಸರಿಗೆ ಪೆಟ್ಟಿಗೆ ಕಟ್ಟಿದ್ದು ಬೇರೆಯದೇ ಪಾಠ. ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದೆವು. ಸದ್ದು ಅಡಗಿತು, ಮಧ್ಯಾಹ್ನದ ಹೊತ್ತಿಗೆ ಬಿಸಿಗೆ ಮೋಟರ್ ಟ್ರಿಪ್. ಬಾಗಿಲು ಸ್ವಲ್ಪ ತೆರೆದಿಟ್ಟರೆ ಗದ್ದಲ ಮತ್ತೆ ಹಾಜರ್. ಪೆಟ್ಟಿಗೆಯ ಒಟ್ಟು ಮೈಯಲ್ಲಿ ನೂರಕ್ಕೆ ಒಂದು ಪಾಲು ಸಂದಿ ಇದ್ದರೂ, ಗೋಡೆ ಎಷ್ಟೇ ದಪ್ಪ ಇರಲಿ, 20 ಡೆಸಿಬಲ್‌ಗಿಂತ ಜಾಸ್ತಿ ತಡೆಯುವುದಿಲ್ಲ. ಕೊನೆಗೆ ಗಾಳಿ ಬರಲು ಹೋಗಲು ಎರಡು ಬಾಗಿದ ಡಕ್ಟ್ ಇಟ್ಟು, ಅವುಗಳ ಒಳಗೆ ಫೋಮ್ ಅಂಟಿಸಿದೆವು. ಗೋಡೆಯಿಂದ ಕಿತ್ತ ಫೋಮ್ ಇಲ್ಲಿ ಕೆಲಸಕ್ಕೆ ಬಂತು ನೋಡಿ.

ವಾಲ್ವ್‌ಗಳ ಎಕ್ಸಾಸ್ಟ್‌ಗೆ (ಬಳಸಿದ ಗಾಳಿ ಹೊರಬರುವ ಬಾಯಿಗೆ) ಹಾಕುವ ಪುಟ್ಟ ಸೈಲೆನ್ಸರ್ ಅಗ್ಗದ ಉಪಾಯ, ಆದರೆ ಎಣ್ಣೆ, ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಆಗ ಗಾಳಿಯಿಂದ ಓಡುವ ಸಿಲಿಂಡರ್ ನಿಧಾನ ಆಗುತ್ತದೆ, ಯಾರೋ ಸದ್ದಿಲ್ಲದೆ ಅದನ್ನು ಬಿಚ್ಚಿ ಎಸೆಯುತ್ತಾರೆ. ಹಾಗಾಗಿ ಅದನ್ನು ತೊಳೆಯುವುದನ್ನೂ ಮೆಂಟೆನೆನ್ಸ್ ಚಾರ್ಟಿಗೆ ಸೇರಿಸಿದೆ.

89 ಅಂದರೆ ಗೆದ್ದ ಹಾಗೇನಲ್ಲ. ದಿನಕ್ಕೆ 8 ಗಂಟೆಗೆ 85 ಎಂಬ ಮಿತಿ ಹಿಡಿದರೆ, ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, ನಮ್ಮದಕ್ಕೆ ಇನ್ನೂ ಕಡಿಮೆ. ಆದ್ದರಿಂದ ಇಯರ್ ಪ್ಲಗ್ ಇವತ್ತಿಗೂ ಕಡ್ಡಾಯ. ಪಂಚ್ (ತಗಡು ಕತ್ತರಿಸುವ ಉಪಕರಣ) ತಗಡನ್ನು ಒಂದೇ ಏಟಿಗೆ ಕತ್ತರಿಸುವ ಬದಲು ಒಂದು ಬದಿಯಿಂದ ಕತ್ತರಿಸುತ್ತಾ ಹೋಗುವಂತೆ, ಅದರ ಮುಖವನ್ನು ಓರೆಯಾಗಿ ಉಜ್ಜಲು ಟೂಲ್ ರೂಮಿಗೆ ಕೊಟ್ಟಿದ್ದೇನೆ.

ಮೊನ್ನೆ ಅದೇ ಆಪರೇಟರ್ ಕರೆದು, "ಸಾರ್, ಬಿನ್ನಿನ ರಬ್ಬರ್ ಸವೆದಿದೆ, ಕೇಳಿಸ್ತಾ ಇಲ್ವಾ?" ಅಂದರು. ನನಗೆ ಕೇಳಿಸಿರಲಿಲ್ಲ. ಹೊಸ ರಬ್ಬರ್ ಹಾಕಿಸಿದೆ.