ಹಿರಿಯರ ಆರೈಕೆ: ಜಾಗ ಹುಡುಕುವ ಮುನ್ನ ಅಗತ್ಯ ಅಳೆಯುವುದು ಹೇಗೆ?

ಮನೆಯ ಹಿರಿಯರು ಒಮ್ಮೆ ಜಾರಿ ಬಿದ್ದರೆ ಸಾಕು, ಹೋಮ್ ನರ್ಸ್ ಇಡುವುದೋ ವೃದ್ಧಾಶ್ರಮಕ್ಕೆ ಸೇರಿಸುವುದೋ ಎಂಬ ಚರ್ಚೆ ಆರಂಭವಾಗುತ್ತದೆ. ಯಾವ ಕೆಲಸಕ್ಕೆ, ಯಾವ ಹೊತ್ತಿನಲ್ಲಿ, ಎಷ್ಟು ನೆರವು ಬೇಕೆಂಬುದನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಹೀಗಾಗಿ ಸ್ನಾನಕ್ಕಷ್ಟೇ ಆಸರೆ ಬೇಕಿದ್ದವರಿಗೆ ಇಡೀ ದಿನದ ಸಹಾಯಕರು ಬರುತ್ತಾರೆ. ರಾತ್ರಿ ಮೂರು ಸಲ ಏಳುವವರಿಗೆ ಹಗಲಿನ ವ್ಯವಸ್ಥೆಯಷ್ಟೇ ಸಿಗುತ್ತದೆ.

ಮೊದಲ ಹೆಜ್ಜೆ ಸುಲಭ. ದಿನನಿತ್ಯದ ಕೆಲಸಗಳಲ್ಲಿ ಎಷ್ಟು ಸ್ವಾವಲಂಬನೆ ಇದೆಯೆಂದು ಅಳೆಯಲು ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಮಾಪನದ ಆರು ಅಂಶಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ: ಸ್ನಾನ, ಉಡುಪು, ಶೌಚಾಲಯದ ಬಳಕೆ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಅದರ ಕೆಳಗೆ ಔಷಧ, ಹಣಕಾಸು, ಅಡುಗೆ, ಫೋನ್, ಓಡಾಟಗಳನ್ನೂ ಸೇರಿಸಿ.

ಎರಡನೆಯ ಹೆಜ್ಜೆಯಲ್ಲಿಯೇ ಹೆಚ್ಚಿನವರು ಎಡವುವುದು. 'ನೀವೇ ಮಾಡಿಕೊಳ್ಳುತ್ತೀರಾ?' ಎಂದು ಕೇಳಿದರೆ ಬರುವ ಉತ್ತರ ಬಹುಪಾಲು 'ಹೌದು' ಎಂದೇ. ಕೇಳಬೇಡಿ, ನೋಡಿ. ನನ್ನ ಸೋದರತ್ತೆ ಬಟ್ಟೆ ತಾವೇ ಹಾಕಿಕೊಳ್ಳುತ್ತೇನೆ ಎನ್ನುತ್ತಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಬೆರಳುಗಳು ಬಗ್ಗದ ಕಾರಣ ಸ್ವೆಟರಿನ ಗುಂಡಿಗಳನ್ನು ಬಿಚ್ಚದೆ, ಅದನ್ನು ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುತ್ತಿದ್ದರು. ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿ. ಟವೆಲ್ ಕಂಬಿಗೆ ಹೋಗುತ್ತಿದ್ದರೆ ಅದು ಅಪಾಯ, ಏಕೆಂದರೆ ಆ ಕಂಬಿ ಮೈಭಾರ ತಾಳಲು ಮಾಡಿದ್ದಲ್ಲ. (ರಬ್ಬರ್ ಬಟ್ಟಲಿನಿಂದ ಗೋಡೆಗೆ ಅಂಟುವ ಹಿಡಿಕೆಗಳನ್ನು ಕೊಳ್ಳಲೇಬೇಡಿ, ಹಿಡಿತ ಯಾವಾಗ ಸಡಿಲವಾಗುತ್ತದೆಂದು ತಿಳಿಯುವುದಿಲ್ಲ. ಸ್ಕ್ರೂ ಹಾಕಿ ಬಿಗಿದದ್ದೇ ಇರಲಿ.) ಪ್ರತಿ ಕೆಲಸದ ಎದುರು ನಾಲ್ಕರಲ್ಲಿ ಒಂದನ್ನು ಬರೆಯಿರಿ: ನೆನಪಿಸಿದರೆ ಸಾಕು, ಪಕ್ಕದಲ್ಲಿ ನಿಂತಿದ್ದರೆ ಸಾಕು, ಕೈಹಿಡಿಯಬೇಕು, ಪೂರ್ತಿ ಬೇರೆಯವರೇ ಮಾಡಬೇಕು. ಗಂಟೆಯನ್ನೂ ನಮೂದಿಸಿ. ಏಳು ದಿನ ಹೀಗೆ ಬರೆಯಿರಿ. ಅದರಲ್ಲಿ ಎರಡು ರಾತ್ರಿಗಳಾದರೂ ಇರಲಿ. ಆಸ್ಪತ್ರೆಯಿಂದ ಬಂದ ಮೊದಲ ವಾರದ ಸ್ಥಿತಿಯನ್ನು ಶಾಶ್ವತವೆಂದು ಭಾವಿಸಬೇಡಿ. ದಿಢೀರನೆ ಗೊಂದಲ ಕಾಣಿಸಿಕೊಂಡರೆ ಅದಕ್ಕೆ ಮೂತ್ರದ ಸೋಂಕು ಅಥವಾ ಹೊಸ ಮಾತ್ರೆಯೂ ಕಾರಣವಿರಬಹುದು, ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ಮರಳಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಸಂಭವ ಹೆಚ್ಚೆಂದು ಪರಿಗಣಿಸಲಾಗುತ್ತದೆ.

ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಈ ಪಟ್ಟಿ ಮೋಸ ಮಾಡಬಹುದು: ಆರೂ ಕೆಲಸಗಳನ್ನು ತಾವೇ ಮಾಡಿಕೊಳ್ಳುವವರು ಒಲೆ ಹಚ್ಚಿಟ್ಟು ಮರೆಯಬಹುದು. 'ಎಷ್ಟು ಹೊತ್ತು ಒಂಟಿಯಾಗಿ ಬಿಡಬಹುದು' ಎಂಬ ಪ್ರತ್ಯೇಕ ಸಾಲು ಅವರಿಗೆ ಬೇಕೇ ಬೇಕು.

ಇನ್ನು ಆಯ್ಕೆ. ನೆನಪಿಸುವವರು ಮತ್ತು ಜೊತೆ ಬೇಕಿದ್ದರೆ ಹಗಲು ಆರೈಕೆ ಕೇಂದ್ರ. ಸ್ನಾನ, ಉಡುಪಿಗೆ ಕೈಹಿಡಿಯಬೇಕಿದ್ದರೆ ಮನೆಗೆ ಬರುವ ಸಹಾಯಕರು. ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ಕೊಳವೆ), ಗಾಯದ ಡ್ರೆಸ್ಸಿಂಗ್, ಇಂಜೆಕ್ಷನ್ ಇದ್ದರೆ ತರಬೇತಿ ಪಡೆದ ನರ್ಸ್. ಸಹಾಯಕರನ್ನೇ ನರ್ಸ್ ಎಂದು ಕಳುಹಿಸುವವರಿದ್ದಾರೆ, ಆದ್ದರಿಂದ ನೋಂದಣಿ ಪತ್ರ ಕೇಳಿ ನೋಡಿ. ಎತ್ತಲು ಇಬ್ಬರು ಬೇಕಾಗುವವರಿಗೆ ಅಥವಾ ರಾತ್ರಿಯಿಡೀ ಗಮನ ಬೇಕಾದವರಿಗೆ, ಮನೆಯಲ್ಲಿ ಅಷ್ಟು ಜನರಿಲ್ಲದಿದ್ದರೆ, ಶುಶ್ರೂಷಾ ಕೇಂದ್ರವೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಗೆ ಹಗಲಲ್ಲಿ ಅಲ್ಲ, ರಾತ್ರಿ ಊಟದ ಹೊತ್ತಿಗೆ ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಮಲಗಿದಲ್ಲೇ ಇರುವವರ ಮಗ್ಗುಲನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತಾರೆ ಎಂದು ಕೇಳಿ.

ನಿರ್ಧಾರಕ್ಕೆ ಮುನ್ನ ಪಟ್ಟಿಯನ್ನು ಹಿರಿಯರಿಗೇ ಓದಿ ಹೇಳಿ. ಮಗನ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳಲು ಒಪ್ಪದ ತಾಯಿ, ಅಪರಿಚಿತ ಸಹಾಯಕಿಯನ್ನು ಸಲೀಸಾಗಿ ಒಪ್ಪಿಕೊಳ್ಳಬಹುದು.