ಖಾರದ ಗಿರಣಿ, ಪೇಟಿ ಮತ್ತು ವರದೆಯ ಗಾಳ

ಮೇ ತಿಂಗಳಲ್ಲಿ ಹಾವೇರಿಯ ಮನೆಗಳಲ್ಲಿ ಯಾರಿಗೂ ಬಿಡುವಿರುವುದಿಲ್ಲ. ವರ್ಷದ ಖಾರ ಕುಟ್ಟಿಸಬೇಕು, ಗೋವಿನಜೋಳದ ಬೀಜ, ಗೊಬ್ಬರ ತರಬೇಕು, ಮದುವೆಗಳ ಕರೆ ಬೇರೆ. ವರದಾ ನದಿ ಹರಿವು ನಿಂತು ಮಡುಮಡುವಾಗುವುದೂ ಅದೇ ತಿಂಗಳಲ್ಲಿ. ಮೀನುಗಳೆಲ್ಲ ಮಡು ಸೇರುತ್ತವೆ. ಗಾಳ ಹಾಕುವವನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಜೊತೆಗೆ ನನಗೆ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ ಹುಚ್ಚು, ಶನಿವಾರದ ಭಜನೆಗೆ ನಾನೇ ಕೂರಬೇಕು. "ಎರಡು ದೋಣಿಗೇ ಕಾಲಿಡಬಾರದು ಎನ್ನುತ್ತಾರೆ, ನೀವು ಮೂರಕ್ಕೆ ಇಟ್ಟಿದ್ದೀರಿ" ಎಂದು ನಮ್ಮ ಮಾವನವರು ಎರಡು ವರ್ಷ ಹೇಳಿದರು. ಈ ಬೇಸಿಗೆಯಲ್ಲಿ ಹೇಳಲಿಲ್ಲ.

ಮೊದಲ ವರ್ಷ ಪೇಟೆಯ ಕೆಲಸ ಮುಗಿಸಿ ನದಿಗೆ ಹೋಗುತ್ತಿದ್ದೆ. ಗಿರಣಿಯಲ್ಲಿ ಪಾಳಿ ಬರುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ನೀರು ಕಾದು ಗಾಳದ ದಾರಕ್ಕೆ ಕಟ್ಟಿದ ತೇಲುಬೆಂಡು ಅಲುಗುತ್ತಲೇ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಖಾರ ತುಂಬಿದ ಕೈಯಿಂದಲೇ ಗಾಳಕ್ಕೆ ಸಿಕ್ಕಿಸುವ ಗಾಣದ ಶೇಂಗಾ ಹಿಂಡಿಯನ್ನು ನಾದುತ್ತಿದ್ದೆ. ಎಷ್ಟು ತೊಳೆದರೂ ಬ್ಯಾಡಗಿ ಮೆಣಸಿನಕಾಯಿಯ ಘಾಟು ಬೆರಳು ಬಿಡುವುದಿಲ್ಲ. ಐದಾರು ಸಲ ಬರಿಗೈಯಲ್ಲಿ ಮರಳಿದ ಮೇಲೆ ಇದು ಹೊಳೆಯಿತು.

ಎರಡನೆಯ ವರ್ಷ ಹುಬ್ಬಳ್ಳಿಯಿಂದ ಸುಮಾರು 1,800 ರೂಪಾಯಿಗೆ ರೀಲ್ ಇರುವ ಕೋಲು ತಂದೆ. ಹದಿನೈದು ದಿನದಲ್ಲಿ ಬಂಡೆಯ ಸಂದಿಗೆ ಸಿಕ್ಕಿ ತುದಿ ಮುರಿಯಿತು. ಆ ವರ್ಷ ಮೀನು ಮೊದಲು, ಕೆಲಸ ಆಮೇಲೆ ಎಂದು ಬದಲಿಸಿದ್ದೆ. ಮೀನೇನೋ ಸಿಕ್ಕಿತು, ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಬ್ಯಾಂಕಿನ ಸಾಲಿನಲ್ಲಿ ನಿಂತೆ. ಒಂದೂವರೆ ತಾಸಿನಲ್ಲಿ ಎರಡು ಕಿಲೋ ಜಿಲೇಬಿ ಮೀನು ಕೆಟ್ಟುಹೋಯಿತು. ಮರುವಾರ ಬಾಳೆಮೀನೊಂದು ಜಗ್ಗಿದ ರಭಸಕ್ಕೆ ಗಾಳದ ತಂಗೂಸಿ ದಾರ ಬಲಗೈಯ ತೋರುಬೆರಳನ್ನು ಸೀಳಿತು. ಎರಡು ಶನಿವಾರ ಪೇಟಿ ಮುಚ್ಚಿಯೇ ಇತ್ತು, ಭಜನೆಗೆ ಬೇರೆಯವರನ್ನು ಕರೆಸಿದರು. ಕೋಲು ಮುರಿದದ್ದಕ್ಕಿಂತ ಅದು ಹೆಚ್ಚು ನೋಯಿಸಿತು.

ಈ ವರ್ಷ ಮೆಣಸಿನಕಾಯಿ ಚೀಲವನ್ನು ಹಿಂದಿನ ಸಂಜೆಯೇ ಹೆಸರು ಬರೆದು ಗಿರಣಿಗೆ ಒಪ್ಪಿಸಿದೆ. ಚೀಲ ಹೊರುವ ಮೊದಲೇ ಹಿಂಡಿ ನಾದಿ ಎಲೆಯಲ್ಲಿ ಕಟ್ಟಿಟ್ಟಿದ್ದೆ. ಹೊತ್ತು ಮೂಡುವ ಮೊದಲು ಮಡುವಿನ ದಂಡೆಯಲ್ಲಿರುತ್ತಿದ್ದೆ. ಎಂಟಕ್ಕೆ ಕೋಲು ಎತ್ತಲೇಬೇಕು, ಮೀನು ಎಷ್ಟೇ ಕಚ್ಚುತ್ತಿರಲಿ. ಇದೊಂದನ್ನು ಪಾಲಿಸಲು ನನಗೆ ಮೂರು ವರ್ಷ ಹಿಡಿಯಿತು. ಸಿಕ್ಕಿದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೇರ ಮನೆಗೆ, ಅಲ್ಲಿಂದ ಪೇಟೆಗೆ. ಮಧ್ಯಾಹ್ನ ಹೇಗೂ ಹೊರಗೆ ಕಾಲಿಡಲಾಗದ ಬಿಸಿಲು, ಆ ಎರಡು ತಾಸು ಪೇಟಿಯದು. ಗಾಳ ಹಿಡಿಯುವಾಗ ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ತೊಡುತ್ತೇನೆ. ಒಂದು ಗೀರೂ ಬಿದ್ದಿಲ್ಲ.

ನಡುವೆ ಬೆಂಡಿನ ಪ್ರಯೋಗಕ್ಕೂ ಇಳಿದೆ. ಜೋಳದ ದಂಟಿನ ಬೆಂಡು ಅರ್ಧ ತಾಸಿಗೆ ನೀರು ಕುಡಿದು ಭಾರವಾಗುತ್ತದೆ. ಮೇಣ ಸವರಿದೆ, ಬಿಸಿಲಿಗೆ ಮೆತ್ತಗಾಯಿತು. ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ತುಂಡು ಇಡೀ ಬೇಸಿಗೆ ಬಾಳಿತು. ಹಿಂಡಿಗೆ ಕಡಲೆಯಷ್ಟು ಇಂಗು ಬೆರೆಸಿದರೆ ಜಿಲೇಬಿ ಬೇಗ ಬರುತ್ತದೆ. ಇಂಗಿನ ಜೊತೆ ಹಾಕುವ ಇನ್ನೊಂದು ವಸ್ತುವನ್ನು ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ.

ಬಿದಿರಿನ ಕೋಲಿಗೆ 60 ರೂಪಾಯಿ, ಗಾಳ, ತಂಗೂಸಿ, ಸೀಸಕ್ಕೆ ಹೆಚ್ಚೆಂದರೆ 150, ಹೆಚ್ಚುವರಿ ಪೆಟ್ರೋಲಿಗೆ ಆರುನೂರು ಆಗಿರಬಹುದು. ಹದಿನಾಲ್ಕು ಸಲ ಹೋದೆ, ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲದೆ ತಂದೆ. ಗುತ್ತಿಗೆಗೆ ಕೊಟ್ಟ ಕೆರೆಗಳ ಹತ್ತಿರ ಸುಳಿಯಲಿಲ್ಲ, ಅದು ಇನ್ನೊಬ್ಬರ ಅನ್ನ.

ವರದೆ ಹುಟ್ಟುವ ಸಾಗರ ತಾಲೂಕಿನ ಕಡೆ ಮಳೆ ಹಿಡಿದು ಕೆಂಪು ನೀರು ಇಳಿದ ದಿನ ಕೋಲನ್ನು ಅಟ್ಟಕ್ಕೆ ಹಾಕಿದೆ. ಮೊಟ್ಟೆ ತುಂಬಿದ ಮೀನು ಹೊಳೆ ಹತ್ತುವ ಕಾಲವದು, ಆಗ ಗಾಳ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಷ್ಟರಲ್ಲಿ ಖಾರ ಡಬ್ಬಿ ಸೇರಿತ್ತು, ಬೀಜ ಮನೆಯಲ್ಲಿತ್ತು, ಒಂದು ಶನಿವಾರವೂ ಪೇಟಿ ತಪ್ಪಿರಲಿಲ್ಲ. ಮೊನ್ನೆ ಮಾವನವರು ಆ ಮಡು ಎಲ್ಲಿದೆ ಎಂದು ಕೇಳಿದರು. ಅವರಿಗೂ ಹೇಳಿಲ್ಲ. ಬರುವ ವರ್ಷ ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ.